ಅಳಿಯನ ಪೆಟ್ಟಿಗೆ

ಗುರುಪುತ್ರಪ್ಪನ ಮೈಕಟ್ಟಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕುಳ್ಳಗಿನ ಆಳು, ಸಣ್ಣ ಕಾಲು, ಟೋಪಿ ತೆಗೆದರೆ ಬೋಳು ತಲೆ. ದೇವರು ಉಳಿದವರಿಗೆ ಮೈತುಂಬ ಹಂಚುವುದನ್ನು ಇವನಿಗೆ ಗಂಟಲೊಂದರಲ್ಲೇ ತುಂಬಿ ಕೈ ತೊಳೆದುಕೊಂಡಿದ್ದ. ಬೆಳಗಾವಿಯ ಖಡೇ ಬಜಾರಿನಲ್ಲಿ ಇವನು ಬಾಯಿ ತೆರೆದರೆ ಶಹಾಪುರದಲ್ಲಿ ತೊಟ್ಟಿಲ ಕೂಸು ಏಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದೂ ಭೋಂಗಾ ಎನ್ನುವ ಧ್ವನಿವರ್ಧಕ ಇಲ್ಲದೆ. ಟಾಂಗಾದ ನೆತ್ತಿಗೆ ಭೋಂಗಾ ಕಟ್ಟಿ ಕೈಗೆ ಮೈಕು ಕೊಟ್ಟರಂತೂ ಆ ಧ್ವನಿಯಿಂದ ತಪ್ಪಿಸಿಕೊಳ್ಳಲು ಹಿಂಡಲಗಾದ ಜೈಲು ಸೇರಬೇಕಿತ್ತು. ಅಲ್ಲಿಗೂ ಕೇಳುತ್ತದೆಂದು ಬಿಡುಗಡೆಯಾಗಿ ಬಂದವರು ಹೇಳುತ್ತಿದ್ದರು.

ಹರೆಯದಲ್ಲಿ ಅವನು ಒಂದು ನಾಟಕ ಕಂಪನಿಯಲ್ಲಿದ್ದ. ನಿಲುವು ಸಾಲದೆಂದು ರಂಗದ ಮೇಲೆ ಬಿಡದೆ, ಹಗಲು ಊರು ಸುತ್ತಿ ರಾತ್ರಿಯ ಆಟವನ್ನು ಸಾರುವ ಕೆಲಸ ಕೊಟ್ಟಿದ್ದರು. ಕಂಪನಿ ಮುಳುಗಿದ ಮೇಲೆ ಅವನ ಪಾಲಿಗೆ ಉಳಿದದ್ದು 'ಮಾಸ್ತರ' ಎಂಬ ಹೆಸರು ಮತ್ತು ಸಾರುವ ಚಟ. ಮಠದ ಪ್ರವಚನ, ನಳ ಬಾರದ ದಿನ, ಬಜಾರಿನಲ್ಲಿ ಕಳೆದುಹೋದ ಮಗು, ಎಲ್ಲವನ್ನೂ ಸಾರಿದ. ಆ ಮಗು ಸಿಕ್ಕಾಗ ಅದರ ತಾಯಿ ಇವನ ಕಾಲು ಹಿಡಿಯಲು ಬಂದಿದ್ದಳು. ಆಗೆಲ್ಲ ಗುರುಪುತ್ರಪ್ಪ ಏನೋ ಹೇಳುತ್ತಿದ್ದಾನೆ ಎಂದರೆ ಜನ ಕೈಯಲ್ಲಿನ ಕೆಲಸ ಬಿಟ್ಟು ಕೇಳುತ್ತಿದ್ದರು.

ಈಗ ಯಾರೂ ಕೇಳುತ್ತಿರಲಿಲ್ಲ. ಈಗ ಅವನು ಸಾರುತ್ತಿದ್ದುದು ಬಟ್ಟೆ ಅಂಗಡಿಯ ಸೇಲು, ಅದನ್ನು ಬಿಟ್ಟರೆ ಇನ್ನೊಂದು ಬಟ್ಟೆ ಅಂಗಡಿಯ ಸೇಲು.

ಎಪ್ಪತ್ತೆಂಟನೆಯ ಇಸವಿಯ ಹೊತ್ತಿಗೆ ಬೆಳಗಾವಿಯಲ್ಲಿ ಹಬ್ಬಗಳು ತಾವಾಗಿ ಬರುವುದನ್ನೇ ಬಿಟ್ಟಿದ್ದವು. ಅವುಗಳನ್ನು ಅಂಗಡಿಯವರು ಎಳೆದು ತರುತ್ತಿದ್ದರು. ಚೌತಿಯ ಗಣಪತಿ ಇನ್ನೂ ನೀರಿಗೆ ಬಿದ್ದಿರುತ್ತಿರಲಿಲ್ಲ, ಅಷ್ಟರಲ್ಲಿ ದೀಪಾವಳಿಯ ಬೋರ್ಡು ಏಳುತ್ತಿತ್ತು. ದಸರೆಗೆ ಹಿರಿಯರಿಗೆ ಬನ್ನಿ ಕೊಡಲು ಹೋದರೆ ಎಲೆ ಸುತ್ತಿದ ಕಾಗದದ ಮೇಲೆ ಪಾತ್ರೆ-ಭಾಂಡೆ ಅಂಗಡಿಯ ವಿಳಾಸ. ಬಾಗಿಲಿಗೆ ಕಟ್ಟುವ ಆಕಾಶಬುಟ್ಟಿಯ ಒಂದು ಮಗ್ಗುಲಿಗೆ ಚಹಾಪುಡಿ, ಇನ್ನೊಂದು ಮಗ್ಗುಲಿಗೆ ಟೇಲರ. ದೀಪಾವಳಿಗೆ ಹುಡುಗರು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟುವುದು ಈ ಊರಿನ ಹಳೆಯ ರೂಢಿ. ಆ ಕಿಲ್ಲಾದ ಬುರುಜಿನ ಮೇಲೂ ಈ ವರ್ಷ ಅಂಗಡಿಯ ಕಾಗದದ ಬಾವುಟ ಹಾರುತ್ತಿತ್ತು. ಮೂರು ಓಣಿಯ ಭೋಂಗಾಗಳು ಒಂದೇ ಚೌಕಿನಲ್ಲಿ ಎದುರಾದರೆ ಅಲ್ಲಿ ಮಾತಾಡುತ್ತ ನಿಂತ ಇಬ್ಬರು ಸುಮ್ಮನೆ ಕೈಮುಗಿದು ಬೇರೆಯಾಗುತ್ತಿದ್ದರು. ಹಬ್ಬ ಬರುವಷ್ಟರಲ್ಲಿ ಹಬ್ಬ ಹಳಸಿರುತ್ತಿತ್ತು.

ಗುರುಪುತ್ರಪ್ಪನ ಟಾಂಗಾ ಹೊಡೆಯುವ ಕರೆಪ್ಪ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದ. ಬೆಳಿಗ್ಗೆ ಮೊದಲು ಕುದುರೆಯ ಕಿವಿಗೆ ಹತ್ತಿ ತುರುಕಿ, ಆಮೇಲೆ ತನ್ನ ಕಿವಿಗೆ ತುರುಕಿಕೊಂಡು, "ಹೂಂ, ಶುರು ಮಾಡ್ರಿ ಮಾಸ್ತರ" ಎನ್ನುತ್ತಿದ್ದ.

ಗುರುಪುತ್ರಪ್ಪನ ಹೆಂಡತಿ ಗೌರವ್ವನಿಗೆ ಆ ಸುಖವೂ ಇರಲಿಲ್ಲ. ಗಂಡ ಮನೆಗೆ ಬಂದರೂ ಅವನ ನಾಲಗೆ ಅಂಗಡಿಯಲ್ಲೇ ಇರುತ್ತಿತ್ತು. ಒಂದು ದಿನ ಊಟಕ್ಕೆ ಕೂತವನು, "ಬಿಸಿ ಬಿಸಿ ಜ್ವಾಳದ ರೊಟ್ಟಿ! ಇಂದೇ ತರ್ರಿ, ಈಗಲೇ ತರ್ರಿ!" ಎಂದುಬಿಟ್ಟ.

"ಏನ್ರೀ, ರೊಟ್ಟಿ ಬೇಕಾದ್ರ ರೊಟ್ಟಿ ಬೇಕನ್ರಿ" ಎಂದಳು ಗೌರವ್ವ. "ನಾ ಏನ್ ಗಿರಾಕಿ ಅಲ್ಲ."

ಅವನಿಗೆ ನಗು ಬರಲಿಲ್ಲ. ತಾನು ಹಾಗೆ ಅಂದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಇತ್ತೀಚೆಗೆ ಅವನಿಗೆ ತನ್ನ ದನಿ ಕೇಳಿದರೇ ಹೇವರಿಕೆ ಹುಟ್ಟುತ್ತಿತ್ತು. ಬೇರೆಯವರಾದರೆ ಓಣಿ ಬದಲಿಸಿ ತಪ್ಪಿಸಿಕೊಳ್ಳಬಹುದು, ಇವನು ಎಲ್ಲಿಗೆ ಹೋದರೂ ಅದು ಜೊತೆಗೇ ಬರುತ್ತಿತ್ತು.

ಆ ವರ್ಷ ಅವನನ್ನು ಹಿಡಿದವನು ಹೊಸದಾಗಿ ಮೂರು ಮಜಲಿನ ಬಟ್ಟೆ ಅಂಗಡಿ ತೆಗೆದ ಒಬ್ಬ ಸಾಹುಕಾರ. ಬುದ್ಧಿವಂತ ಮನುಷ್ಯ. ಗುರುಪುತ್ರಪ್ಪನನ್ನು ಗಾದಿಯ ಮೇಲೆ ಕೂರಿಸಿಕೊಂಡು ಚಹಾ ತರಿಸಿ ಹೇಳಿದ, "ಸೀರಿ ಐತಿ, ಧೋತರ ಐತಿ ಅಂತ ಒದರಿದ್ರ ಈಗ ಯಾರೂ ಹೊಳ್ಳಿ ನೋಡೂದಿಲ್ಲೋ ಗುರುಪುತ್ರಪ್ಪಾ. ಮಂದಿಗಿ ಅಂಜಿಕಿ ಹುಟ್ಟಬೇಕು. ತಗೊಳ್ಳಲಿಲ್ಲಂದ್ರ ನಾಕ ಮಂದ್ಯಾಗ ಮಾನ ಹೋಗತೈತಿ ಅನ್ನೂ ಅಂಜಿಕಿ."

ಅಂಜಿಕೆಗೆ ಅವನು ಆರಿಸಿಕೊಂಡದ್ದು ಅಳಿಯನನ್ನು. ಮದುವೆಯಾದ ಮೊದಲ ದೀಪಾವಳಿಗೆ ಮಗಳು-ಅಳಿಯನನ್ನು ತವರಿಗೆ ಕರೆಸಿ, ಎಣ್ಣೆ ಹಚ್ಚಿ ಎರೆದು, ಆರತಿ ಮಾಡಿ, ಒಂದು ಜೊತೆ ಬಟ್ಟೆ ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಬಡವರು ಒಂದು ಧೋತರ ಕೊಡುತ್ತಿದ್ದರು, ಇದ್ದವರು ಇದ್ದಷ್ಟು ಕೊಡುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಸಾಹುಕಾರ ಅದಕ್ಕೊಂದು ಪೆಟ್ಟಿಗೆ ಮಾಡಿಸಿದ. ಬಂಗಾರದ ಬಣ್ಣದ ಕಾಗದ, ಕೆಂಪು ರಿಬ್ಬನ್ನು. ಒಳಗೆ ಟೆರಿಕಾಟ್ ಪ್ಯಾಂಟಿನ ಬಟ್ಟೆ, ಶರ್ಟಿನ ಬಟ್ಟೆ, ಧೋತರ, ಜರಿಯ ಶಲ್ಯ, ಮಗಳಿಗೆ ಸೀರೆ, ಬೀಗತಿಗೆ ಸೀರೆ, ಮೇಲೊಂದು ಅತ್ತರಿನ ಬಾಟಲಿ. ಹೆಸರು 'ಅಳಿಯನ ಪೆಟ್ಟಿಗೆ'.

ಅದಕ್ಕೆ ಮಾತು ಕಟ್ಟಿದವನು ಗುರುಪುತ್ರಪ್ಪನೇ. ಮೊದಲು ಮೂಗಿನಲ್ಲಿ, ಮುನಿಸಿಕೊಂಡ ಹೊಸ ಅಳಿಯನ ದನಿ ತೆಗೆದು, "ಮಾವಾರ, ನನ್ನ ಪೆಟ್ಟಿಗಿ ಎಲ್ಲೈತ್ರೀ?" ಎನ್ನುವುದು. ಆಮೇಲೆ ತನ್ನ ಗಡಸು ದನಿಯಲ್ಲಿ, "ಬೀಗರ ಮುಂದ ಮಾರಿ ಸಣ್ಣದು ಮಾಡ್ಕೋಬ್ಯಾಡ್ರಿ! ಪೆಟ್ಟಿಗಿ ಇಲ್ಲದ ದೀವಳಿಗಿ ಎಂಥಾ ದೀವಳಿಗಿ! ತ್ವರಾ ಮಾಡ್ರಿ, ಮಾಲು ಸ್ವಲ್ಪ ಐತಿ!" ಬೆನ್ನಿಗೇ ಅದೆಲ್ಲ ಮರಾಠಿಯಲ್ಲಿ ಇನ್ನೊಮ್ಮೆ. ಒಂದು ವಾರದಲ್ಲಿ ಊರಿನ ಹುಡುಗರೆಲ್ಲ ಅದನ್ನು ಬಾಯಿಪಾಠ ಮಾಡಿದರು. ಮದುವೆಯಾಗದ ಗಂಡಸರನ್ನು ಕಂಡರೂ, ಮುದುಕರನ್ನು ಕಂಡರೂ, ಒಮ್ಮೆ ಗುಡಿಯ ಮುಂದೆ ನಿಂತ ಬಸವಣ್ಣನನ್ನು ಕಂಡರೂ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರು. ಗುರುಪುತ್ರಪ್ಪ ಓಣಿಯಲ್ಲಿ ಕಾಲಿಟ್ಟರೆ ಅವನ ಮಾತೇ ಅವನ ಬೆನ್ನು ಹತ್ತುತ್ತಿತ್ತು. ಪೆಟ್ಟಿಗೆಗಳು ಮಾತ್ರ ಭರದಿಂದ ಮಾರಾಟವಾದವು.

ಇದರ ನಡುವೆ ಅವನು ಒಂದು ಸಂಗತಿಯನ್ನು ಮರೆತೇಬಿಟ್ಟಿದ್ದ. ಈ ದೀಪಾವಳಿಗೆ ಅವನೂ ಒಬ್ಬ ಮಾವನಾಗಿದ್ದ.

ಅವನಿಗೆ ಒಬ್ಬಳೇ ಮಗಳು, ಕಾಂತಾ. ವೈಶಾಖದಲ್ಲಿ ಅವಳನ್ನು ಖಾನಾಪುರಕ್ಕೆ ಕೊಟ್ಟಿದ್ದರು. ಅಳಿಯ ಈರಣ್ಣ ಅಲ್ಲಿ ಹಂಚಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಅವನ ತಾಯಿ ಬಸವಣ್ಣೆವ್ವ ಗಂಡನನ್ನು ಬೇಗ ಕಳೆದುಕೊಂಡು ಒಬ್ಬಳೇ ದುಡಿದು ಮಗನನ್ನು ಬೆಳೆಸಿದ ಹೆಂಗಸು, ಮಾತು ಕಡಿಮೆ. ಮದುವೆಯಲ್ಲಿ ಗುರುಪುತ್ರಪ್ಪ ಬೀಗರ ಕಡೆಯವರಿಗೆ ಆಯೇರಿ ಮಾಡಿದ್ದ, ಅಂದರೆ ಶುಭಕಾರ್ಯಕ್ಕೆ ಕೊಡುವ ಬಟ್ಟೆಬರೆ ಕೊಟ್ಟಿದ್ದ. ಕೆಲವೇ ದಿನಗಳಲ್ಲಿ ಅವಳ ಕಡೆಯಿಂದ ಕುಪ್ಪಸದ ಖಣಕ್ಕೆ ಖಣ, ಶಲ್ಯಕ್ಕೆ ಶಲ್ಯ, ಅದೇ ನಮೂನೆಯದು ಮರಳಿ ಬಂದಿತ್ತು. ಬಹಳ ಬಿಗಿ ಹೆಂಗಸು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

"ಹಬ್ಬ ಬಂತು. ಖಾನಾಪುರಕ್ಕ ಹೋಗಿ ಕರದ ಬರ್ರಿ" ಎಂದು ಗೌರವ್ವ ದಸರೆಯಿಂದಲೂ ಹೇಳುತ್ತಿದ್ದಳು. ಬೀಗರನ್ನು ಕರೆಯುವುದೆಂದರೆ ಮನೆಗೆ ಹೋಗಿ, ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಬಾಯಿಬಿಟ್ಟು ಕರೆಯಬೇಕು. ಚೀಟಿ ಕಳಿಸಿದರೆ ಆಗುವುದಿಲ್ಲ, ಯಾರ ಕೈಯಲ್ಲಾದರೂ ಹೇಳಿಕಳಿಸಿದರೆ ಮೊದಲೇ ಆಗುವುದಿಲ್ಲ. ಗುರುಪುತ್ರಪ್ಪನಿಗೆ ಪುರಸೊತ್ತೇ ಸಿಗಲಿಲ್ಲ. ಸಾಹುಕಾರ ಅವನನ್ನು ಬೆಳಿಗ್ಗೆ ಕಾಕತಿಯ ಕಡೆ ಕಳಿಸಿದರೆ ಮಧ್ಯಾಹ್ನ ಅನಗೋಳದ ಕಡೆ ಕಳಿಸುತ್ತಿದ್ದ.

ಕಡೆಗೆ ಅದೃಷ್ಟ ಎನ್ನುವಂತೆ ಖಾನಾಪುರದ ಸಂತೆಗೇ ಹೋಗಬೇಕಾಯಿತು. ಅಷ್ಟು ದೂರಕ್ಕೆ ಟಾಂಗಾ ಆಗದು ಎಂದು ಸಾಹುಕಾರ ಜೀಪು ಕೊಟ್ಟ, ಜೊತೆಗೆ ಅವಸರದ ಒಬ್ಬ ಗುಮಾಸ್ತನನ್ನೂ ಕೊಟ್ಟ. ಜೀಪು ಸಂತೆಯ ನಟ್ಟನಡುವೆ, ಮಣ್ಣಿನ ಗಡಿಗೆಗಳ ಸಾಲಿನ ಮಗ್ಗುಲಿಗೆ ನಿಂತಿತು. ಗುರುಪುತ್ರಪ್ಪ ಎದೆ ತುಂಬ ಉಸಿರು ತೆಗೆದುಕೊಂಡು ಶುರುಮಾಡಿದ. ಅಳಿಯನ ಮೂಗಿನ ದನಿ ಬಂತು, ಸಂತೆ ನಕ್ಕಿತು. ಗಡಸು ದನಿ ಬಂತು. ಅಷ್ಟರಲ್ಲಿ ಗಡಿಗೆಯೊಂದನ್ನು ಬೆರಳಿನಿಂದ ಬಾರಿಸಿ ನೋಡುತ್ತಿದ್ದ ಬಸವಣ್ಣೆವ್ವ ಅವನ ಕಣ್ಣಿಗೆ ಬಿದ್ದಳು. ಗಡಿಗೆಯನ್ನು ಕೈಯಲ್ಲಿ ಹಿಡಿದು ಇವನನ್ನೇ ನೋಡುತ್ತಿದ್ದಳು.

ಗುರುಪುತ್ರಪ್ಪನಿಗೆ ಖುಷಿಯಾಯಿತು. ಮೈಕು ಬಾಯಿಯ ಮುಂದೆಯೇ ಇತ್ತು.

"ಅಕ್ಕಾರ, ಶರಣ್ರೀ! ದೀವಳಿಗಿಗೆ ಎಲ್ಲಾರೂ ಕೂಡೇ ನಮ್ಮ ಮನಿಗಿ ಬರ್ರಿ!" ಎಂದು ಸಂತೆಗೆಲ್ಲ ಕೇಳುವಂತೆ ಕರೆದ. ಅಷ್ಟಕ್ಕೆ ನಿಲ್ಲಬೇಕಿತ್ತು. ಆದರೆ ವಾರಗಟ್ಟಲೆ ಒಂದೇ ದಾರಿಯಲ್ಲಿ ಓಡಿದ ನಾಲಗೆ ತಾನಾಗಿ ಮುಂದೆ ಓಡಿತು. "ಪೆಟ್ಟಿಗಿ ಇಲ್ಲದ ದೀವಳಿಗಿ ಎಂಥಾ ದೀವಳಿಗಿ! ತ್ವರಾ ಮಾಡ್ರಿ, ಮಾಲು ಸ್ವಲ್ಪ ಐತಿ!"

ಸಂತೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಸವಣ್ಣೆವ್ವ ಸೆರಗು ಸರಿಮಾಡಿಕೊಂಡು ತಲೆ ಅಲ್ಲಾಡಿಸಿದಳು, ಗಡಿಗೆಯನ್ನು ಇದ್ದಲ್ಲೇ ಇಟ್ಟು ಜನದಲ್ಲಿ ಸೇರಿಹೋದಳು. ಗುಮಾಸ್ತ ಗಡಿಯಾರ ನೋಡಿ ಜೀಪು ತಿರುಗಿಸಿದ.

"ಕರದ ಬಂದ್ರಿಲ್ಲೋ?" ಎಂದು ಸಂಜೆ ಗೌರವ್ವ ಕೇಳಿದಳು.

"ಕರದೆ. ಇಡೀ ಸಂತಿ ಕೇಳೂಹಂಗ ಕರದೆ."

"ಮನಿಗಿ ಹೋಗಿದ್ರಿಲ್ಲೋ?"

ಗುರುಪುತ್ರಪ್ಪ ಕಾಲು ತೊಳೆಯುವ ನೆವದಿಂದ ಹಿತ್ತಲಿಗೆ ಹೋದ.

ಉತ್ತರ ಬಂದದ್ದು ಬೆಣ್ಣೆಯ ಜೊತೆ. ಖಾನಾಪುರದ ಕಡೆಯಿಂದ ಬೆಣ್ಣೆ ಮಾರಲು ಬರುವ ಸಿದ್ದಕ್ಕ ಬುಟ್ಟಿ ಇಳಿಸಿ ಕೂತು, ಬೆಣ್ಣೆ ಎಲೆಗೆ ಹಾಕಿ ಕೊಟ್ಟು, ಏಳುವಾಗ ಹೇಳಿದಳು. "ನಿಮ್ಮ ಬೀಗರು ಹೇಳಿ ಕಳಿಸ್ಯಾರ್ರಿ ಯಕ್ಕಾ. ಫ್ಯಾಕ್ಟರ್‍ಯಾಗ ರಜಾ ಇಲ್ಲಂತ. ದೀವಳಿಗಿಗೆ ಬರಾಕ ಆಗೂದಿಲ್ಲಂತ."

ದೀಪಾವಳಿಗೆ ಹಂಚಿನ ಫ್ಯಾಕ್ಟರಿ ಮುಚ್ಚುತ್ತದೆಂದು ಆ ಸೀಮೆಯ ದನಕರುಗಳಿಗೂ ಗೊತ್ತಿತ್ತು. ಗೌರವ್ವ ಬೆಣ್ಣೆಯ ಎಲೆಯನ್ನು ಹಿಡಿದುಕೊಂಡು ಬಾಗಿಲಲ್ಲೇ ಕೂತಳು. "ಇನ್ನೇನ್ರಿ, ಅವರಿಗಿ ಪೆಟ್ಟಿಗಿ ಬೇಕಾಗೇತಿ" ಎಂದಳು ಕಡೆಗೆ. "ಒಂದು ಖಣ ಸೈತ ಬಿಡದಂಗ ತೂಗಿ ನೋಡೂ ಹೆಂಗಸು. ನೀವು ಸಂತ್ಯಾಗ ನಿಂತು ಪೆಟ್ಟಿಗಿ ಪೆಟ್ಟಿಗಿ ಅಂತ ಒದರಿ ಬಂದೀರಿ. ನಾವು ಬರೇ ಧೋತರ ಕೊಟ್ರ ಆಕಿ ಮಗನ್ನ ಕಳಸತಾಳೇನು?"

ಮಗಳಿಲ್ಲದ ಮನೆಯಲ್ಲಿ ಹಬ್ಬ ಹೇಗೆ ಮಾಡುವುದೆಂದು ಗುರುಪುತ್ರಪ್ಪನಿಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ನಸುಕಿನಲ್ಲಿ ಎದ್ದು ಅವನ ತಲೆಗೆ ಎಣ್ಣೆ ಹಚ್ಚಿ, ಈ ಬೋಳಿಗೆ ಇಷ್ಟು ಎಣ್ಣೆ ಯಾಕಪ್ಪಾ ಎಂದು ಚಾಷ್ಟಿ ಮಾಡುತ್ತಿದ್ದವಳು ಅವಳೇ. ಅವಳು ಗಂಡನ ಜೊತೆ ಬರುತ್ತಾಳೆ, ಮನೆ ತುಂಬುತ್ತದೆ ಎಂದು ಒಳಗೊಳಗೇ ಎಷ್ಟು ಕಾದಿದ್ದ ಎನ್ನುವುದು ಈಗ ಅವನಿಗೆ ತಿಳಿಯಿತು. ಬೇರೆಯವರ ಬೀಗರಿಗೆಂದು ತಾನೇ ತೋಡಿದ ಗುಂಡಿ. ಸಿಟ್ಟು ಮಾಡಬೇಕೆಂದರೆ ತನ್ನ ಮೇಲೇ ಮಾಡಬೇಕು.

ಮರುದಿನ ಅಂಗಡಿಗೆ ಹೋಗಿ, ಗಿರಾಕಿಗಳ ಗದ್ದಲದಲ್ಲಿ ದಾರಿ ಮಾಡಿಕೊಂಡು ಸಾಹುಕಾರನ ಮುಂದೆ ನಿಂತ. "ಸಾವಕಾರ, ಈ ಸರತೆ ಪಗಾರದ ಬದಲಿ ನನಗೊಂದು ಪೆಟ್ಟಿಗಿ ಕೊಡ್ರಿ. ಬೀಗರ ಮನಿಗಿ ಒಯ್ಯಬೇಕು."

ಸಾಹುಕಾರನಿಗೆ ನಗು ತಡೆಯಲಾಗಲಿಲ್ಲ. "ನೀನೂ ಅಂಜಿದಿ ಅಂದ್ರ ನಮ್ಮ ಮಾತಿನ್ಯಾಗ ದಮ್ ಐತಿ ಅಂದಂಗಾತು! ಒಯ್ಯೋ, ಅಲ್ಲಿ ಮ್ಯಾಲಿಂದ ಒಂದು ಇಳಸ್ಕೊಂಡು ಹೋಗು." ಅಷ್ಟು ಹೇಳಿ ಇನ್ನೊಬ್ಬ ಗಿರಾಕಿಯತ್ತ ತಿರುಗಿದ. ಗುರುಪುತ್ರಪ್ಪ ಗಾಜಿನ ಕಪಾಟಿನ ನೆತ್ತಿಯ ಮೇಲೆ ದೀಪದ ಕೆಳಗೆ ಮಿಂಚುತ್ತಿದ್ದ ಎಲ್ಲಕ್ಕಿಂತ ದೊಡ್ಡದನ್ನು ಇಳಿಸಿಕೊಂಡ. ಗಾತ್ರಕ್ಕೆ ಹಗುರವಾಗಿಯೇ ಇತ್ತು. ಟೆರಿಕಾಟ್ ಎಂದರೆ ಹಗುರವೇ ಇರಬೇಕು ಎಂದುಕೊಂಡ.

ಖಾನಾಪುರದ ಬಸ್ಸಿನಲ್ಲಿ ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದು ಅವನ ಬಾಳಿನ ಒಳ್ಳೆಯ ಪ್ರಯಾಣಗಳಲ್ಲಿ ಒಂದಲ್ಲ. ಹತ್ತಿದವರೆಲ್ಲ ಪೆಟ್ಟಿಗೆಯನ್ನು ನೋಡಿ ಅವನನ್ನು ನೋಡಿದರು. ಹಿಂದಿನ ಸೀಟಿನಿಂದ ಯಾರೋ ಮೂಗಿನಲ್ಲಿ, "ಮಾವಾರ, ನನ್ನ ಪೆಟ್ಟಿಗಿ ಎಲ್ಲೈತ್ರೀ?" ಎಂದರು. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ತಿಕೀಟು ಹರಿಯುತ್ತ, "ಪಾಪ, ಯಾವ ಊರಿನ ಅಳ್ಯಾನೋ ಏನೋ, ಮುದುಕನ್ನ ಹಿಂಡ್ಯಾನ" ಎಂದು ಮರುಗಿದ. ಆ ಮಾತು ಕಟ್ಟಿದವನು ತಾನೇ ಎಂದು ಹೇಳಲು ಗುರುಪುತ್ರಪ್ಪನಿಗೆ ಬಾಯಿ ಬರಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಕೂತ.

ಬಸವಣ್ಣೆವ್ವನ ಮನೆ ಚಿಕ್ಕದು, ಒಪ್ಪವಾದದ್ದು. ಅವಳು ಬಾಗಿಲಿಗೆ ಬಂದು, "ಬರ್ರಿ ಬೀಗರ, ಕುಂದರ್ರಿ" ಎಂದು ತಂಬಿಗೆಯಲ್ಲಿ ನೀರು ಕೊಟ್ಟಳು. ಅಷ್ಟರಲ್ಲಿ ಪೆಟ್ಟಿಗೆ ಕಣ್ಣಿಗೆ ಬಿತ್ತು. ಅವಳ ಮುಖ ಒಮ್ಮೆಲೇ ಬಾಡಿತು. ಆಗಷ್ಟೇ ಫ್ಯಾಕ್ಟರಿಯಿಂದ ಬಂದಿದ್ದ ಈರಣ್ಣ ಮಾವನ ಕಾಲಿಗೆರಗಿ, ಎದ್ದು ಪೆಟ್ಟಿಗೆಯನ್ನು ನೋಡಿ, ಗೋಡೆಗೆ ಆತು ನಿಂತ. ಪೆಟ್ಟಿಗೆ ಪಡಸಾಲೆಯ ನಡುವೆ ಮಿಂಚುತ್ತ ಕೂತಿತು. ಯಾರೂ ಅದನ್ನು ಮುಟ್ಟಲಿಲ್ಲ.

"ಅಕ್ಕಾರ, ನಿಮ್ಮ ಮನಸಿನ್ಯಾಗ ಇದ್ದದ್ದು ತಂದೀನಿ" ಎಂದ ಗುರುಪುತ್ರಪ್ಪ. ದನಿಯಲ್ಲಿ ಸ್ವಲ್ಪ ಕಹಿ ಇತ್ತು. "ಇನ್ನರ ಮಕ್ಕಳನ್ನ ಹಬ್ಬಕ್ಕ ಕಳಸ್ರಿ."

"ನನ್ನ ಮನಸಿನ್ಯಾಗ ಏನಿತ್ರಿ ಬೀಗರ?" ಎಂದಳು ಬಸವಣ್ಣೆವ್ವ ಮೆಲ್ಲಗೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಂತಾಳಿಗೆ ತಡೆಯಲಾಗಲಿಲ್ಲ. "ಅಪ್ಪಾ, ನೀ ಏನ್ ತಿಳ್ಕೊಂಡ ಬಂದೀ? ಅತ್ತಿ ಪೆಟ್ಟಿಗಿ ಬೇಕಂತ ಕುಂತಿಲ್ಲ. ಅಂಥಾ ಪೆಟ್ಟಿಗಿ ಬಂದ್ರ ತಿರುಗಿ ಏನ್ ಕೊಡೂದು ಅಂತ ಅಂಜಿ ಕುಂತಾರ. ಸಂತ್ಯಾಗಿಂದ ಬಂದಾಗಿಂದ ಅದs ಚಿಂತಿ. ಕಿವ್ಯಾಗಿನ ಬೆಂಡವಾಲಿ ಒತ್ತಿ ಇಡೂಣೇನು ಅಂತ ನಿನ್ನಿ ಇವರನ್ನ ಕೇಳತಿದ್ರು. ನಾವs ಬ್ಯಾಡಂದ್ವಿ. ಅದಕ್ಕs ಬರೂದಿಲ್ಲಂತ ಹೇಳಿ ಕಳಿಸ್ಯಾರ."

ಗುರುಪುತ್ರಪ್ಪ ತಬ್ಬಿಬ್ಬಾದ. ಖಣಕ್ಕೆ ಖಣ ಮರಳಿ ಬಂದದ್ದು ಅವಳ ಆಸೆ ಅಲ್ಲ, ಅವಳ ಮರ್ಯಾದೆ. ಕೊಟ್ಟವರಿಗೆ ಅಷ್ಟೇ ಕೊಡಲು ಆಗದಿದ್ದರೆ ಅವರ ಮನೆಯ ಹೊಸ್ತಿಲು ತುಳಿಯದ ಹೆಂಗಸು. ಅದನ್ನು ಅವನು ತಿರುಗಾಮುರುಗಾ ಓದಿದ್ದ. ಗಾಬರಿಯಲ್ಲಿ ನಗಲು ನೋಡಿದ.

"ಅಕ್ಕಾರ, ಅದು ಬರೇ ಜಾಹೀರಾತ್ರಿ! ಬಾಯಿಗಿ ಬಂದದ್ದು ಒದರತೀನಿ. ನನ್ನ ಮಾತ ಬೆಳಗಾವ್ಯಾಗ ಯಾರೂ ಖರೇ ಅಂತ ತಿಳಿಯೂದಿಲ್ಲ. ನನ್ನ ಹೆಂಡ್ತೀನೂ ತಿಳಿಯೂದಿಲ್ಲ. ನೀವು ಅದನ್ನ ಹೆಂಗ ನಂಬಿದ್ರಿ?"

ಬಸವಣ್ಣೆವ್ವ ಅವನನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ, ಅಚ್ಚರಿ ಇತ್ತು. "ಮಂದಿದು ಬಿಡ್ರಿ. ಬೀಗರು ಹೇಳಿದ್ದನ್ನ ನಾನೂ ನಂಬದಿದ್ರ ನಮ್ಮ ನಿಮ್ಮ ಬೀಗತನ ಹೆಂಗ ನಡೀಬೇಕ್ರಿ?"

ಒಂದು ಊರಿನ ಕಿವಿ ತುಂಬ ಕೂಗಿಕೊಂಡು ತಿರುಗಿದವನು ಗುರುಪುತ್ರಪ್ಪ. ಕುದುರೆಯ ಕಿವಿಗೂ ಹತ್ತಿ ಇಡುವಂಥ ಮಾತುಗಳು ಅವು. ಅವುಗಳನ್ನು ಇಡೀ ಜಿಲ್ಲೆಯಲ್ಲಿ ಒಬ್ಬಳು, ಈ ಒಬ್ಬಳೇ, ಮನುಷ್ಯನೊಬ್ಬ ಆಡಿದ ಮಾತೆಂದು ಎತ್ತಿಕೊಂಡು ಮನೆಗೆ ತಂದು, ನಿದ್ದೆಗೆಟ್ಟು ಕೂತಿದ್ದಳು. ಅವನಿಗೆ ನಾಚಿಕೆಯಾಯಿತು. ಜೊತೆಗೆ ಎದೆಯಲ್ಲಿ ಏನೋ ಬೆಚ್ಚಗಾಯಿತು, ಅದೇನೆಂದು ಅವನಿಗೆ ತಿಳಿಯಲಿಲ್ಲ. ಅಂಥ ಕಿವಿ ತನಗೆ ಇನ್ನೂ ಒಂದಿದೆ ಎನ್ನುವುದನ್ನೇ ಅವನು ಮರೆತಿದ್ದ.

ಅವನು ಕೆಮ್ಮಿ ಹೇಳಿದ, "ಹಂಗಾದ್ರ ಒಂದ ಕೆಲಸ ಮಾಡೂಣ್ರಿ. ಪೆಟ್ಟಿಗಿ ಬಿಚ್ಚರಿ. ಅದರಾಗಿಂದು ಒಂದು ಧೋತರ ಇಟ್ಕೊಳ್ರಿ. ಉಳಿದದ್ದೆಲ್ಲಾ ನಾ ತಿರುಗಿ ಒಯ್ತೀನಿ."

ಬಸವಣ್ಣೆವ್ವ ಮಗನಿಗೆ ಸನ್ನೆ ಮಾಡಿದಳು. ಈರಣ್ಣ ರಿಬ್ಬನ್ನು ಬಿಚ್ಚಿ ಮುಚ್ಚಳ ತೆಗೆದ. ಮೇಲೆ ಜರಿಯ ಶಲ್ಯ ಬಲು ಅಂದವಾಗಿ ಮಡಿಸಿಟ್ಟಿತ್ತು. ಅದನ್ನು ಎತ್ತಿದ. ಕೆಳಗೆ ಭತ್ತದ ಹುಲ್ಲು. ಹುಲ್ಲನ್ನು ಸರಿಸಿದ. ಹುಲ್ಲಿನ ಕೆಳಗೆ ರದ್ದಿ ಕಾಗದದ ಉಂಡೆಗಳು. ಅವನ್ನೂ ತೆಗೆದ. ಆಮೇಲೆ ಪೆಟ್ಟಿಗೆಯ ತಳ.

ಶಲ್ಯವನ್ನು ಬಿಡಿಸಿ ನೋಡಿದರೆ ಅದೂ ಅರ್ಧವೇ ಇತ್ತು. ಗಿರಾಕಿಗಳ ಕಣ್ಣಿಗೆಂದು ಕಪಾಟಿನ ಮೇಲಿಟ್ಟ ತೋರಿಕೆಯ ಪೆಟ್ಟಿಗೆಯನ್ನೇ ಮಾಸ್ತರ ಆರಿಸಿಕೊಂಡು ತಂದಿದ್ದ.

ಗುರುಪುತ್ರಪ್ಪನಿಗೆ ನೆಲ ಬಾಯಿ ತೆರೆದರೆ ಸಾಕೆನ್ನಿಸಿತು. ಕಾಂತಾ ಬಾಯಿಗೆ ಸೆರಗು ಒತ್ತಿಕೊಂಡಳು, ಅಳುವಿಗೋ ನಗುವಿಗೋ ಹೇಳಲಾಗದು. ಬಸವಣ್ಣೆವ್ವ ಮುಂದೆ ಬಾಗಿ ಒಂದು ಹಿಡಿ ಹುಲ್ಲು ತೆಗೆದುಕೊಂಡಳು, ತಿರುವಿ ನೋಡಿದಳು, ಕಾಗದದ ಉಂಡೆಯನ್ನು ನೋಡಿದಳು. ಅವಳ ಭುಜ ಅಲುಗತೊಡಗಿತು. ಮಾತು ಕಡಿಮೆಯ ಆ ಹೆಂಗಸು ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಇಷ್ಟs ಆದ್ರ" ಎಂದಳು, ಉಸಿರು ಹಿಡಿದುಕೊಂಡು, "ಇಷ್ಟs ಆದ್ರ ನಮಗೂ ತಿರುಗಿ ಕೊಡಾಕ ಬರತೈತ್ರಿ ಬೀಗರ! ಹುಲ್ಲಿಗೇನ ನಮ್ಮಲ್ಲಿ ಬರಗಾಲ ಇಲ್ಲ!"

ಈರಣ್ಣ ಮೊದಲು ಸೋತ, ಆಮೇಲೆ ಕಾಂತಾ, ಕಡೆಗೆ ಗುರುಪುತ್ರಪ್ಪನೂ. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕಿ, ಏನೂ ತಿಳಿಯದೆ ತಾವೂ ಸ್ವಲ್ಪ ನಕ್ಕು ಹೋದರು. ಕಾಂತಾ ಚಹಾ ತಂದಳು. ಅಷ್ಟು ದಿನದಿಂದ ಆ ಮನೆಯ ಮೇಲೆ ಕೂತಿದ್ದ ಭಾರ ಇಳಿದು ಹೋಗಿತ್ತು.

ಚಹಾ ಮುಗಿಸಿ ಗುರುಪುತ್ರಪ್ಪ ಎದ್ದು ನಿಂತ, ಟೋಪಿ ಸರಿಮಾಡಿಕೊಂಡ, ಕೈಮುಗಿದ. ಕರೆಯಬೇಕಾಗಿತ್ತು. ಎದೆ ತುಂಬ ಉಸಿರು ತೆಗೆದುಕೊಂಡು, "ಬರ್ರಿ! ಬರ್ರಿ! ಎಲ್ಲಾರೂ ಕೂಡೇ" ಎಂದವನು ತಟ್ಟನೆ ನಿಂತ. ಅದು ಅಂಗಡಿಯ ದನಿ. ಇನ್ನೊಮ್ಮೆ ಬಾಯಿ ತೆರೆದ, ಮತ್ತೆ ಮುಚ್ಚಿದ. ಮನೆಯ ದನಿಯನ್ನು ಎಲ್ಲಿಟ್ಟಿದ್ದ ಎಂದು ಹುಡುಕಬೇಕಾಯಿತು. ಬಸವಣ್ಣೆವ್ವ ಅವಸರ ಮಾಡಲಿಲ್ಲ, ಕಾದಳು.

"ಅಕ್ಕಾರ" ಎಂದ ಕಡೆಗೆ. ದನಿ ಸಣ್ಣದಾಗಿತ್ತು, ಸ್ವಲ್ಪ ಒಡೆದಿತ್ತು. "ಮನಿ ಭಣಭಣ ಅನಾಕಹತ್ತೇತಿ. ಗೌರವ್ವ ದಿನಾ ಮಗಳ ಹಾದಿ ನೋಡತಾಳ, ನಾನೂ ನೋಡತೀನಿ. ಒಂದು ಧೋತರ ಕೊಡತೀನಿ, ಅದಕ್ಕಿಂತ ಹೆಚ್ಚಿಗಿ ಏನೂ ಇಲ್ಲ. ದೀವಳಿಗಿಗೆ ಮಕ್ಕಳನ್ನ ಕರಕೊಂಡು ನೀವೂ ಬರ್ರಿ."

ಬಸವಣ್ಣೆವ್ವ ಕಣ್ಣೊರೆಸಿಕೊಂಡು ಕೈಮುಗಿದಳು. "ಈಗ ಕರದ್ರಿ ನೋಡ್ರಿ ಬೀಗರ" ಎಂದಳು. "ಬರ್ತೀವಿ."

ಅವರು ಹಬ್ಬದ ಹಿಂದಿನ ದಿನವೇ ಬಂದರು. ಈರಣ್ಣನಿಗೆ ಒಂದು ಧೋತರ ಹೋಯಿತು, ಗೌರವ್ವನಿಗೆ ಒಂದು ಖಣ ಬಂತು, ಯಾರ ಮುಖವೂ ಸಣ್ಣದಾಗಲಿಲ್ಲ. ದೀಪಾವಳಿಯ ದಿನ ಎಂದರೆ ಬಜಾರಿಗೆ ಕಡೆಯ ಕೊಯ್ಲು. ಭೋಂಗಾ ಕಟ್ಟಿದ ಟಾಂಗಾದ ಜೊತೆ ಕಾದು ಕಾದು ಸಾಕಾಗಿ, ಸಾಹುಕಾರ ತನ್ನ ಗುಮಾಸ್ತನನ್ನು ಮಾಸ್ತರನ ಮನೆಗೇ ಓಡಿಸಿದ. ಗೌರವ್ವ ಹೊಸ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಸಾವಕಾರಗ ಹೇಳ್ರಿ, ಇವತ್ತ ಅವರು ಬರೂದಿಲ್ಲ. ಬೀಗರ ಕೂಡ ಮಾತಾಡಾಕ ಹತ್ಯಾರ."

ಗುಮಾಸ್ತ ನಂಬದೆ ಕಿವಿಗೊಟ್ಟು ನಿಂತ. ಒಳಗೆ ಮಾತು ನಡೆದಿತ್ತು, ನಡುನಡುವೆ ಯಾರೋ ನಗುತ್ತಿದ್ದರು. ಏನು ಮಾತೆಂಬುದು ಬಾಗಿಲವರೆಗೆ ಕೇಳಿಸಲಿಲ್ಲ.